ಅಡಗಿರುವ ಅಪವರ್ತನ

16/64 ಎಂಬ ಭಿನ್ನರಾಶಿಯನ್ನು ಸಂಕ್ಷೇಪಿಸಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಯೊಬ್ಬನು ಮೇಲೊಂದು ಕೆಳಗೊಂದು ಇರುವ 6 ಎಂಬ ಅಂಕಿಗಳನ್ನು ನೋಡಿ, ಎರಡನ್ನೂ ಹೊಡೆದುಹಾಕಿ, 1/4 ಎಂದು ಬರೆದುಕೊಟ್ಟರೆ ಅವನ ಉತ್ತರವನ್ನು ತಪ್ಪೆನ್ನಲು ಬರುವುದಿಲ್ಲ. 16/64ರ ಬೆಲೆ ನಿಜವಾಗಿಯೂ 1/4. ಇದೇ ಉಪಾಯದಿಂದ 19/95 ಎಂಬುದು 1/5 ಆಗುತ್ತದೆ, 26/65 ಎಂಬುದು 2/5 ಆಗುತ್ತದೆ, 49/98 ಎಂಬುದು 4/8 ಆಗುತ್ತದೆ. ಇವೂ ಸರಿಯೇ. ಆದರೆ ಕೊನೆಯ ಸೊನ್ನೆಗಳನ್ನು ತೆಗೆಯುವ ಸಾಧಾರಣ ಪ್ರಕರಣಗಳನ್ನು ಬಿಟ್ಟರೆ, ಒಂದಕ್ಕಿಂತ ಕಡಮೆಯಾದ ಎರಡಂಕಿಯ ಭಿನ್ನರಾಶಿಗಳಲ್ಲಿ ಈ ಅದೃಷ್ಟ ಒದಗುವುದು ಈ ನಾಲ್ಕರಲ್ಲಿ ಮಾತ್ರ. 13/34ರಲ್ಲಿ 3ನ್ನು ಹೊಡೆದುಹಾಕಿದರೆ 1/4 ಉಳಿಯುತ್ತದೆ; ಆದರೆ 34ರ ಕಾಲುಭಾಗ ಎಂಟೂವರೆಯೇ ಹೊರತು ಹದಿಮೂರಲ್ಲ.

ಅಂಕಗಣಿತದಲ್ಲಿ ಇಂತಹದನ್ನು ಕಂಡರೆ ಎಲ್ಲರೂ ನಗುತ್ತಾರೆ. ಬೀಜಗಣಿತಕ್ಕೆ ಬಂದೊಡನೆ ನಗು ಮಾಯವಾಗುತ್ತದೆ. ಕಾಲೇಜಿನ ಮೊದಲ ವರ್ಷದ ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥವರಿಗೆ (ಯ² + 9)/(ಯ + 3) ಎಂಬುದನ್ನು ಯ + 3 ಎಂದು 'ಸಂಕ್ಷೇಪಿಸಿ'ದ ಪುಟಗಳು ಅಪರೂಪವಲ್ಲ. ಯ²ದ ಕೆಳಗೆ ಯ, 9ರ ಕೆಳಗೆ 3. ಒಂದೊಂದನ್ನೂ ಬೇರೆ ಬೇರೆಯಾಗಿ ಭಾಗಿಸಿ ಮುಗಿಸಿದ್ದಾಗಿರುತ್ತದೆ. ಯ ಎಂಬಲ್ಲಿ 1ನ್ನು ಇಟ್ಟು ನೋಡಿದರೆ ಸಾಕು: ಮೂಲದ ಬೆಲೆ 10/4, ಅಂದರೆ ಎರಡೂವರೆ, 'ಉತ್ತರ'ದ ಬೆಲೆ 4. ಬೆಲೆ ಬದಲಾಯಿತೆಂದ ಮೇಲೆ ಅದು ಸಂಕ್ಷೇಪಣೆಯಲ್ಲ, ಬೇರೊಂದು ಲೆಕ್ಕ.

ಇಲ್ಲಿ ಯ ಎಂಬ ಅಕ್ಷರದ ವಿಷಯವಾಗಿ ಒಂದು ಮಾತು. ನಮ್ಮ ಪ್ರಾಚೀನ ಗಣಿತಜ್ಞರು ಬೆಲೆ ತಿಳಿಯದ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು, 'ಯಾ' ಎಂದು ಹ್ರಸ್ವವಾಗಿ ಬರೆಯುತ್ತಿದ್ದರು. 'ಎಷ್ಟೋ ಅಷ್ಟು' ಎಂದು ಅದರ ಅರ್ಥ. ಅದನ್ನೇ ಮೊಟಕುಮಾಡಿ ನಾವು ಬಳಸುತ್ತಿದ್ದೇವೆ.

ಹೊಡೆದುಹಾಕುವ ಹಕ್ಕು ನಮಗೆ ಎಲ್ಲಿಂದ ಬಂದಿತು? 84/35ನ್ನು 12/5 ಎಂದು ಬರೆಯುವಾಗ ನಾವು ನಿಜವಾಗಿ ಮಾಡುವುದೇನು? 84 ಎಂದರೆ 7 × 12. 35 ಎಂದರೆ 7 × 5. ಆದುದರಿಂದ ಆ ಭಿನ್ನರಾಶಿಯು 7/7 ಮತ್ತು 12/5 ಇವುಗಳ ಗುಣಲಬ್ಧ. 7/7ರ ಬೆಲೆ 1. ಒಂದರಿಂದ ಗುಣಿಸುವುದೂ ಗುಣಿಸದೆ ಬಿಡುವುದೂ ಒಂದೇ ಆದುದರಿಂದ ಅದನ್ನು ಬಿಟ್ಟುಬಿಡುತ್ತೇವೆ. ಹೊಡೆದುಹಾಕುವುದೆಂದರೆ ಇಷ್ಟೇ: ಒಂದಕ್ಕೆ ಸಮನಾದ ಗುಣಕವೊಂದನ್ನು ಬಿಟ್ಟುಬಿಡುವುದು. ಹೀಗೆ ಬಿಡಲು ಬರುವುದು ಅಪವರ್ತನವನ್ನು, ಎಂದರೆ ಗುಣಿಸಿ ಸೇರಿದ ಭಾಗವನ್ನು. ಕೂಡಿ ಸೇರಿದ ಪದವನ್ನಲ್ಲ. ಯ² + 9 ಎಂಬಲ್ಲಿ ಯ² ಒಂದು ಪದ, 9 ಒಂದು ಪದ. ಅವೆರಡೂ ಕೂಡಿಕೊಂಡಿವೆ, ಗುಣಿಸಿಕೊಂಡಿಲ್ಲ. ಅಲ್ಲಿ ಹೊಡೆದುಹಾಕಲು ಏನೂ ಇಲ್ಲ.

ಹಾಗಾದರೆ ಸಂಕ್ಷೇಪಿಸುವ ಕೆಲಸದಲ್ಲಿ ಮುಖ್ಯವಾದುದು ಹೊಡೆಯುವುದಲ್ಲ, ಹುಡುಕುವುದು ಎಂದಾಯಿತು. ಕೂಡಿಸಿ ಬರೆದ ಉಕ್ತಿಯೊಳಗೆ ಅಪವರ್ತನಗಳು ಅಡಗಿ ಕುಳಿತಿರುತ್ತವೆ. ಅವುಗಳಲ್ಲಿ ಒಂದನ್ನು ಹೇಗೋ ಕಂಡುಕೊಂಡರೆ, ಇನ್ನೊಂದನ್ನು ಹೊರಕ್ಕೆ ತರುವುದು ಕಷ್ಟವಲ್ಲ. ಕೊಂಚ ದೊಡ್ಡದಾದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ:

(2ಯ³ − 3ಯ² − 8ಯ − 3) / (ಯ² − 2ಯ − 3)

ಛೇದವು ಸುಲಭ. ಗುಣಿಸಿದರೆ −3, ಕೂಡಿದರೆ −2 ಬರುವ ಎರಡು ಸಂಖ್ಯೆಗಳು −3 ಮತ್ತು +1. ಆದುದರಿಂದ ಛೇದವು (ಯ − 3)(ಯ + 1). ಈಗ ಅಂಶದಲ್ಲಿಯೂ ಯ − 3 ಅಡಗಿದೆಯೆ? ತಿಳಿಯುವುದಕ್ಕೆ ಒಂದು ಸೊಗಸಾದ ಉಪಾಯವಿದೆ. ಯ − 3 ಅಪವರ್ತನವಾಗಿದ್ದ ಪಕ್ಷದಲ್ಲಿ, ಯ = 3 ಆದಾಗ ಆ ಅಪವರ್ತನವು ಸೊನ್ನೆಯಾಗಿ, ತನ್ನೊಡನೆ ಇಡೀ ಉಕ್ತಿಯನ್ನೂ ಸೊನ್ನೆ ಮಾಡಲೇಬೇಕು. ಇಟ್ಟು ನೋಡೋಣ: 54 − 27 − 24 − 3 = 0. ಸೊನ್ನೆಯೇ ಬಂದಿತು. ಇದರ ವಿಲೋಮವೂ ನಿಜ: ಬಹುಪದವೊಂದರಲ್ಲಿ ಯ = 3 ಇಟ್ಟಾಗ ಸೊನ್ನೆ ಬಂದರೆ ಯ − 3 ಅದರ ಅಪವರ್ತನವಾಗಿಯೇ ತೀರುತ್ತದೆ; ಏಕೆಂದರೆ ಯ − 3ರಿಂದ ಭಾಗಿಸಿದಾಗ ಉಳಿಯುವ ಶೇಷವು ಯ = 3 ಆದಾಗಿನ ಉಕ್ತಿಯ ಬೆಲೆಯೇ ಆಗಿರುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅಪವರ್ತನ ಪ್ರಮೇಯವೆಂದು ಹೆಸರು.

ಇನ್ನು ಕಾಣದಿರುವ ಜೊತೆಗಾರನನ್ನು ಹುಡುಕಬೇಕು. ಯ − 3ನ್ನು ಯಾವುದರಿಂದ ಗುಣಿಸಿದರೆ ನಮ್ಮ ಉಕ್ತಿ ಬರುತ್ತದೆ? ಮೊದಲನೆಯ ಪದ 2ಯ³ ಬರಬೇಕಾದರೆ ಜೊತೆಗಾರನ ಮೊದಲ ಪದ 2ಯ² ಆಗಿರಲೇಬೇಕು. ಆದರೆ 2ಯ²ವು −3ನ್ನೂ ಗುಣಿಸಿ −6ಯ² ಎಂಬುದನ್ನು ತಂದಿಡುತ್ತದೆ. ನಮಗೆ ಬೇಕಾದುದು −3ಯ² ಮಾತ್ರ. ಕೊರತೆ ತುಂಬಲು +3ಯ² ಬೇಕು. ಅದು ಬರುವುದು ಜೊತೆಗಾರನಲ್ಲಿ +3ಯ ಇದ್ದರೆ. ಆ 3ಯ ಮತ್ತೆ −3ನ್ನು ಗುಣಿಸಿ −9ಯ ತರುತ್ತದೆ, ಬೇಕಾದುದು −8ಯ, ಆದುದರಿಂದ +1 ಬೇಕು. ಕೊನೆಗೆ 1ನ್ನು −3ರಿಂದ ಗುಣಿಸಿದರೆ −3, ಉಕ್ತಿಯ ಕೊನೆಯ ಪದವೂ ಅದೇ. ಲೆಕ್ಕ ಕೂಡಿತು. ಜೊತೆಗಾರನು 2ಯ² + 3ಯ + 1. ಭಾಗಾಕಾರದ ಉದ್ದನೆಯ ಏಣಿಯನ್ನು ಕಟ್ಟದೆಯೇ, ಸಾಲಬಾಕಿ ತೀರಿಸುವವನಂತೆ ಒಂದೊಂದು ಪದದ ಕೊರತೆಯನ್ನು ತುಂಬುತ್ತಾ ಹೋದರೆ ಸಾಕು. ಬಾಯಿಪಾಠ ಮಾಡಿದ ಸೂತ್ರಗಳಿಗಿಂತ ಈ ಅಭ್ಯಾಸವೇ ಮೇಲೆಂದು ನಮ್ಮ ಅಭಿಪ್ರಾಯ. ಸೂತ್ರ ಮರೆತರೂ ಇದು ಕೈಬಿಡುವುದಿಲ್ಲ.

2ಯ² + 3ಯ + 1 ಎಂಬುದೂ (2ಯ + 1)(ಯ + 1) ಎಂದು ಒಡೆಯುತ್ತದೆ. ಈಗ ಯ − 3 ಮತ್ತು ಯ + 1 ಎರಡೂ ಅಂಶದಲ್ಲಿಯೂ ಛೇದದಲ್ಲಿಯೂ ಇವೆ. ಅವನ್ನು ಬಿಟ್ಟರೆ ಉಳಿಯುವುದು 2ಯ + 1. ಅಷ್ಟು ದೊಡ್ಡ ಭಿನ್ನರಾಶಿಯು ಇಷ್ಟು ಚಿಕ್ಕದಾದುದನ್ನು ನಂಬಲಾಗದವರು ಯ = 10 ಎಂದು ಇಟ್ಟು ಪರೀಕ್ಷಿಸಬಹುದು. ಅಂಶ 2000 − 300 − 80 − 3 = 1617; ಛೇದ 100 − 20 − 3 = 77; ಭಾಗಿಸಿದರೆ 21. ಅತ್ತ 2 × 10 + 1 ಸಹ 21.

ಆದರೆ ಯ = 3 ಎಂದು ಇಟ್ಟರೆ? ಸಂಕ್ಷಿಪ್ತ ರೂಪವು ಸಂಕೋಚವಿಲ್ಲದೆ 7 ಎನ್ನುತ್ತದೆ. ಮೂಲ ಭಿನ್ನರಾಶಿಯಲ್ಲಿ ಮೇಲೆಯೂ ಸೊನ್ನೆ, ಕೆಳಗೆಯೂ ಸೊನ್ನೆ. ಅದಕ್ಕೆ ಬೆಲೆಯೇ ಇಲ್ಲ. ಹಾಗಾದರೆ ಇವೆರಡೂ ಒಂದೇ ಎಂದು ನಾವು ಹೇಳಿದ್ದು ಹೇಗೆ? ಹೊಡೆದುಹಾಕಿದ್ದು ಒಂದಕ್ಕೆ ಸಮನಾದ ಗುಣಕವೆಂದು ಹೇಳಿದೆವಷ್ಟೆ. (ಯ − 3)/(ಯ − 3) ಎಂಬುದು ಒಂದಾಗಿರುವುದು ಯ − 3 ಸೊನ್ನೆಯಲ್ಲದಿರುವಾಗ ಮಾತ್ರ. ಆದುದರಿಂದ ಉತ್ತರವನ್ನು ಪೂರ್ಣವಾಗಿ ಬರೆಯುವುದಾದರೆ, '2ಯ + 1; ಆದರೆ ಯ ಎಂಬುದು 3 ಆಗಲಿ −1 ಆಗಲಿ ಆಗಿರಕೂಡದು' ಎಂದು ಬರೆಯಬೇಕು. ಅಪವರ್ತನವು ಪುಟದಿಂದ ಮರೆಯಾದರೂ ಅದು ವಿಧಿಸಿದ ನಿಬಂಧನೆ ಮರೆಯಾಗುವುದಿಲ್ಲ. ಪರೀಕ್ಷೆಯಲ್ಲಿ ಈ ಬಾಲವನ್ನು ಬಿಟ್ಟರೆ ಹೆಚ್ಚೆಂದರೆ ಅರ್ಧ ಅಂಕ ಹೋಗಬಹುದು. ಬೇರೆಡೆಗಳಲ್ಲಿ ಬೆಲೆ ಹೆಚ್ಚು, ಅದನ್ನು ಮುಂದೆ ನೋಡುವೆವು.

ಸೊನ್ನೆಯಿಂದ ಭಾಗಿಸುವ ಈ ತೊಡಕು ಹೊಸದಲ್ಲ. ಕ್ರಿ.ಶ. 628ರಲ್ಲಿ 'ಬ್ರಾಹ್ಮಸ್ಫುಟಸಿದ್ಧಾಂತ'ವನ್ನು ಬರೆದ ಬ್ರಹ್ಮಗುಪ್ತನು ಸೊನ್ನೆಯ ಗಣಿತಕ್ಕೆ ನಿಯಮಗಳನ್ನು ಕೊಟ್ಟು, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದನು. ನೃಪತುಂಗನೆಂದು ಪ್ರಸಿದ್ಧನಾದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಹೇಳಿದನು. ಇವೆರಡನ್ನೂ ಇಂದು ನಾವು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಇನ್ನಷ್ಟು ಮುಂದೆ ಹೋದನು. ಸೊನ್ನೆ ಛೇದವಾಗಿರುವ ರಾಶಿಗೆ ಅವನು 'ಖಹರ'ವೆಂದು ಹೆಸರಿಟ್ಟು, ಅದು ಅನಂತವೆಂದನು. ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರವಾದುದು ಅವನ 'ಲೀಲಾವತಿ'ಯಲ್ಲಿರುವ ಒಂದು ಲೆಕ್ಕ.

ಲೆಕ್ಕದ ತಾತ್ಪರ್ಯ ಹೀಗಿದೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಆಗುತ್ತದೆ, ಆ ಸಂಖ್ಯೆ ಯಾವುದು? ಸೊನ್ನೆಯಿಂದ ಗುಣಿಸಿದೊಡನೆ ಎಲ್ಲವೂ ಸೊನ್ನೆಯಾಗಿ ಹೋಯಿತಲ್ಲ, ಇನ್ನೇನು ಉಳಿಯಿತೆಂದು ನಾವು ಕೇಳುತ್ತೇವೆ. ಭಾಸ್ಕರನ ನಿಯಮವೇ ಬೇರೆ. ಮುಂದೆ ಇನ್ನೂ ಕ್ರಿಯೆಗಳು ಬಾಕಿಯಿರುವಾಗ ಸೊನ್ನೆಯನ್ನು ಗುಣಕವಾಗಿಯೇ ಇಟ್ಟುಕೊಂಡಿರಬೇಕು. ಆಮೇಲೆ ಸೊನ್ನೆಯೇ ಭಾಜಕವಾಗಿ ಬಂದರೆ ಸಂಖ್ಯೆ ಮೊದಲಿನಂತೆಯೇ ಉಳಿಯಿತೆಂದು ತಿಳಿಯಬೇಕು. ಅದರಂತೆ, ಸಂಖ್ಯೆಯೂ ಅದರ ಅರ್ಧವೂ ಸೇರಿ ಒಂದೂವರೆ ಪಾಲು. ಮೂರರಿಂದ ಗುಣಿಸಿದರೆ ನಾಲ್ಕೂವರೆ ಪಾಲು. ನಾಲ್ಕೂವರೆ ಪಾಲು 63 ಆದರೆ ಸಂಖ್ಯೆ 14.

ಸೊನ್ನೆಯು ನಿಜವಾಗಿಯೂ ಸೊನ್ನೆಯೇ ಆಗಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಆದರೆ ಸೊನ್ನೆಯ ಸ್ಥಾನದಲ್ಲಿ ಅ ಎಂಬ ಯಾವುದೋ ಒಂದು ಅತಿ ಚಿಕ್ಕ ಸಂಖ್ಯೆಯನ್ನು ಇಟ್ಟು ನೋಡಿರಿ. ಅ ಎಂಬುದು ನೂರರಲ್ಲೊಂದು ಭಾಗವಾಗಿರಲಿ, ಕೋಟಿಯಲ್ಲೊಂದು ಭಾಗವಾಗಿರಲಿ, ಮೇಲೆಯೂ ಕೆಳಗೆಯೂ ಇರುವ ಅದು ಹೊಡೆದುಹೋಗಿ ಉತ್ತರ 14 ಎಂದೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿಯೂ ಹಾಗೆಯೇ. ಯ = 3.1 ಎಂದಿಟ್ಟರೆ ಅಂಶ 2.952, ಛೇದ 0.41, ಬೆಲೆ 7.2. ಯ = 3.01 ಆದರೆ 7.02. ಮೂರಕ್ಕೆ ಎಷ್ಟು ಹತ್ತಿರ ಹೋದರೆ ಏಳಕ್ಕೆ ಅಷ್ಟು ಹತ್ತಿರ. ಮೂರರಲ್ಲಿ ಮಾತ್ರ ಒಂದು ರಂಧ್ರವಿದೆ. ಆ ರಂಧ್ರವನ್ನು ಮುಟ್ಟದೆ ಅದರ ಅಂಚಿನವರೆಗೆ ಹೋಗುವ ವಿದ್ಯೆಯೇ ಕಲನಶಾಸ್ತ್ರದ ಮೊದಲ ಪಾಠ. ಆ ಪಾಠದಲ್ಲಿ ಬರುವ ಲೆಕ್ಕಗಳಲ್ಲಿ ಅರ್ಧಕ್ಕರ್ಧ ಅಡಗಿರುವ ಅಪವರ್ತನವನ್ನು ಹುಡುಕುವ ಲೆಕ್ಕಗಳೇ.

ಈಗ ನಮ್ಮ ಭೌತಶಾಸ್ತ್ರಕ್ಕೆ ಬರೋಣ. ಭಿನ್ನರಾಶಿಯಲ್ಲಿ ಹೊಡೆದುಹಾಕಿದಂತೆಯೇ ಸಮೀಕರಣದ ಎರಡು ಕಡೆಗಳಲ್ಲಿಯೂ ಒಂದೇ ಅಪವರ್ತನವಿದ್ದರೆ ಅದನ್ನು ಹೊಡೆದುಹಾಕುವ ವಾಡಿಕೆಯುಂಟು. ಸೆಕೆಂಡಿಗೆ 19.6 ಮೀಟರ್ ವೇಗದಿಂದ ನೇರವಾಗಿ ಮೇಲಕ್ಕೆಸೆದ ಕಲ್ಲು ಯಾವಾಗ ನೆಲದ ಮಟ್ಟದಲ್ಲಿರುತ್ತದೆ? ಕಾಲವನ್ನು ಯ ಸೆಕೆಂಡೆಂದು ಕರೆದರೆ 19.6ಯ = 4.9ಯ². ಎರಡು ಕಡೆಯೂ ಯ ಹೊಡೆದುಹಾಕಿದರೆ ಯ = 4. ಕಲ್ಲು ನಾಲ್ಕು ಸೆಕೆಂಡಿನ ಮೇಲೆ ಬೀಳುತ್ತದೆ, ನಿಜ. ಆದರೆ ಯ = 0 ಎಂಬ ಇನ್ನೊಂದು ಉತ್ತರವಿತ್ತು. ಕಲ್ಲು ಕೈಬಿಟ್ಟ ಕ್ಷಣದಲ್ಲಿಯೂ ಅದು ನೆಲದ ಮಟ್ಟದಲ್ಲಿಯೇ ಇತ್ತಷ್ಟೆ. ಆ ಕ್ಷಣವನ್ನು ನಾವು ಹೊಡೆದುಹಾಕಿಬಿಟ್ಟೆವು.

ಇದು ಚಿಕ್ಕ ನಷ್ಟವೆನ್ನಿಸಬಹುದು. ಗೋಲಿಯಾಟವನ್ನು ನೋಡಿದರೆ ಇನ್ನೂ ಸ್ವಾರಸ್ಯವಾದುದೊಂದು ಕಾಣುತ್ತದೆ. ಒಂದೇ ತೂಕದ ಎರಡು ಗೋಲಿಗಳು. ಒಂದು ನಿಂತಿದೆ, ಇನ್ನೊಂದು ಅ ಎಂಬ ವೇಗದಿಂದ ಅದೇ ಗೆರೆಯಲ್ಲಿ ಉರುಳುತ್ತಾ ಬರುತ್ತಿದೆ. ಉರುಳುವಾಗಿನ ತಿರುಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಶಕ್ತಿಯು ಸ್ವಲ್ಪವೂ ವ್ಯರ್ಥವಾಗದ ಸಂಘಟ್ಟನೆಯೆಂದು ಭಾವಿಸೋಣ. ಆಮೇಲೆ ಮೊದಲನೆಯ ಗೋಲಿಯ ವೇಗ ಕ, ಎರಡನೆಯದರ ವೇಗ ಚ. ಸಂವೇಗವು ಉಳಿಯುವುದರಿಂದ ಅ − ಕ = ಚ. ಚಲನಶಕ್ತಿಯು ಉಳಿಯುವುದರಿಂದ ಅ² − ಕ² = ಚ². ಎರಡನೆಯದರ ಎಡಗಡೆಯಲ್ಲಿ ಅಡಗಿರುವ ಅಪವರ್ತನಗಳನ್ನು ಹೊರತೆಗೆದರೆ (ಅ − ಕ)(ಅ + ಕ) = ಚ × ಚ. ಮೊದಲನೆಯ ಸಮೀಕರಣದಿಂದ ಭಾಗಿಸಿದರೆ ಅ + ಕ = ಚ. ಇದನ್ನು ಅ − ಕ = ಚ ಎಂಬುದರೊಡನೆ ಹೋಲಿಸಿದರೆ ಕ = 0, ಚ = ಅ. ಬಂದ ಗೋಲಿ ನಿಂತುಬಿಡುತ್ತದೆ, ನಿಂತಿದ್ದ ಗೋಲಿ ಅದೇ ವೇಗದಿಂದ ಹೊರಡುತ್ತದೆ. ಗುರಿಯಿಟ್ಟು ಹೊಡೆಯುವ ಹುಡುಗರೆಲ್ಲರೂ ಇದಕ್ಕೆ ಹತ್ತಿರವಾದುದನ್ನು ಕಂಡಿರುತ್ತಾರೆ.

ಆದರೆ ನಾವು ಭಾಗಿಸಿದ್ದು ಚ ಎಂಬುದರಿಂದ. ಅದು ಸೊನ್ನೆಯಾಗಿದ್ದರೆ? ಆಗ ಕ = ಅ. ಎಂದರೆ ಎರಡನೆಯ ಗೋಲಿ ಕದಲಲೇ ಇಲ್ಲ, ಮೊದಲನೆಯದು ತನ್ನ ವೇಗದಲ್ಲಿಯೇ ಮುಂದೆ ಹೋಯಿತು. ಸಂವೇಗವೂ ಸರಿಯಾಗಿದೆ, ಶಕ್ತಿಯೂ ಸರಿಯಾಗಿದೆ. ಗೋಲಿಗಳು ಒಂದನ್ನೊಂದು ಮುಟ್ಟಲೇ ಇಲ್ಲ, ಅಷ್ಟೇ. ಗುರಿ ತಪ್ಪಿದ ಆಟವನ್ನೂ ಆ ಎರಡು ಸಮೀಕರಣಗಳು ಪ್ರಾಮಾಣಿಕವಾಗಿ ಹೇಳುತ್ತಿದ್ದುವು. ನಾವು ಭಾಗಿಸುವಾಗ ಅದನ್ನು ಬಿಟ್ಟೆವು. ಸಂಘಟ್ಟನೆ ನಡೆದಿದೆಯೆಂದು ನಮಗೆ ಬೇರೆ ಮೂಲದಿಂದ ಗೊತ್ತಿರುವುದರಿಂದ ಹಾಗೆ ಬಿಡುವುದು ನ್ಯಾಯ. ಗೊತ್ತಿಲ್ಲದಾಗ ಬಿಡುವುದು ನ್ಯಾಯವಲ್ಲ. ಭಾಗಿಸುವ ಬದಲು ಎಲ್ಲವನ್ನೂ ಒಂದೇ ಕಡೆಗೆ ತಂದು ಅಪವರ್ತಿಸಿದರೆ ಎರಡು ಉತ್ತರಗಳೂ ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ಇದುವರೆಗೆ ಇರುವ ಅಪವರ್ತನವನ್ನು ತೆಗೆಯುವ ಮಾತಾಯಿತು. ಇಲ್ಲದ ಅಪವರ್ತನವನ್ನು ಬೇಕೆಂದೇ ತಂದು ಸೇರಿಸುವ ಸಂದರ್ಭಗಳೂ ಉಂಟು. ಪ್ರಯೋಗಶಾಲೆಯಲ್ಲಿ 100 ಸೆಂಟಿಮೀಟರ್ ವಕ್ರತಾತ್ರಿಜ್ಯವುಳ್ಳ ಮಸೂರವೊಂದಿದೆ. ಅದರ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ ಮೇಲ್ಮೈಯು ಎಷ್ಟು ತಗ್ಗಿರುತ್ತದೆ? ಪೈಥಾಗೊರಸನ ಪ್ರಮೇಯದಿಂದ ಉತ್ತರ 100 − √9999. ನಾಲ್ಕು ಅಂಕಿಗಳ ಕೋಷ್ಟಕದಲ್ಲಿ √9999ಕ್ಕೆ 99.99 ಎಂದು ಸಿಗುತ್ತದೆ, ಕಳೆದರೆ 0.01 ಸೆಂಟಿಮೀಟರ್. ಇದು ನಿಜವಾದ ಬೆಲೆಯ ಎರಡರಷ್ಟು! ಹೆಚ್ಚುಕಡಮೆ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ನಂಬಬಹುದಾದ ಅಂಕಿಗಳೆಲ್ಲ ಹೊರಟುಹೋಗಿ, ನಂಬಲಾಗದ ಕೊನೆಯ ಅಂಕಿ ಮಾತ್ರ ಕೈಯಲ್ಲಿ ಉಳಿದುದೇ ಇದಕ್ಕೆ ಕಾರಣ.

ಈಗ 100 + √9999 ಎಂಬುದರಿಂದ ಗುಣಿಸಿ, ಅದರಿಂದಲೇ ಭಾಗಿಸೋಣ. ಕರಣಿಗಳ ಅಧ್ಯಾಯದಲ್ಲಿ ಇದನ್ನು ಅಕರಣೀಕಾರಕವೆಂದು ಕರೆಯುತ್ತಾರೆ. ಮೇಲೆ 10000 − 9999, ಎಂದರೆ ಬರಿಯ 1 ಉಳಿಯುತ್ತದೆ. ಕೆಳಗೆ 100 + 99.99, ಎಂದರೆ 199.99. ಭಾಗಿಸಿದರೆ 0.005 ಸೆಂಟಿಮೀಟರ್. ಅದೇ ಒರಟು ಕೋಷ್ಟಕ, ಅದೇ 99.99; ಆದರೆ ಈಗ ಕಳೆಯುವ ಬದಲು ಕೂಡಿದುದರಿಂದ ಉತ್ತರವು ಹತ್ತುಸಾವಿರದಲ್ಲಿ ಒಂದು ಪಾಲಿನಷ್ಟೂ ತಪ್ಪಿಲ್ಲ. ಇಂದು ಕೋಷ್ಟಕಗಳ ಸ್ಥಾನಕ್ಕೆ ಗಣಕಯಂತ್ರಗಳು ಬಂದಿವೆ. ಅವು ಸಾಮಾನ್ಯವಾಗಿ ಸುಮಾರು 16 ಅಂಕಿಗಳನ್ನು ಇಟ್ಟುಕೊಳ್ಳುತ್ತವೆ. ಆದುದರಿಂದ ಈ ಅಪಾಯ ದೂರ ಸರಿದಿದೆಯೇ ಹೊರತು ಇಲ್ಲವಾಗಿಲ್ಲ. ಯಂತ್ರಕ್ಕೆ ಲೆಕ್ಕ ಬರೆದುಕೊಡುವವರು ಇಂದಿಗೂ ಇದೇ ಉಪಾಯದ ಮೊರೆ ಹೋಗುತ್ತಾರೆ.

ಮಸೂರದ ಮಾತು ಬಂದಿತು. ಅದರ ಸೂತ್ರದಲ್ಲಿಯೂ ಒಂದು ಅಡಗಿದ ಜೋಡಿಯಿದೆ. ಪೀನಮಸೂರವೊಂದರಿಂದ ವಸ್ತುವಿನ ದೂರ ವ, ನಿಜ ಪ್ರತಿಬಿಂಬದ ದೂರ ಪ, ಸಂಗಮದೂರ ಸ; ಎಲ್ಲವನ್ನೂ ಧನವಾಗಿ ಎಣಿಸಿದರೆ 1/ವ + 1/ಪ = 1/ಸ. ಛೇದಗಳನ್ನು ನಿವಾರಿಸಿದರೆ (ವ × ಪ) − (ಸ × ವ) − (ಸ × ಪ) = 0. ಇದು ಹೀಗೆಯೇ ಅಪವರ್ತನಗಳಾಗಿ ಒಡೆಯುವುದಿಲ್ಲ. ಒಡೆಯಲು ಒಂದು ಪದದ ಕೊರತೆಯಿದೆ. ಎರಡು ಕಡೆಗೂ ಸ² ಕೂಡಿಸಿದೊಡನೆ

(ವ − ಸ)(ಪ − ಸ) = ಸ²

ಎಂದಾಗುತ್ತದೆ. ಇದು ನ್ಯೂಟನ್ನನ ಹೆಸರಿನಿಂದ ಪ್ರಸಿದ್ಧವಾದ ರೂಪ. ಸಂಗಮದೂರ 10 ಸೆಂಟಿಮೀಟರ್ ಆಗಿದ್ದರೆ ಬಲಗಡೆ 100. ಗುಣಿಸಿ 100 ಬರುವ ಜೋಡಿಗಳನ್ನು ಯಾರು ಬೇಕಾದರೂ ಬಾಯಲ್ಲಿಯೇ ಹೇಳಬಹುದು: 2 ಮತ್ತು 50, 4 ಮತ್ತು 25, 5 ಮತ್ತು 20, 10 ಮತ್ತು 10. ಪ್ರತಿಯೊಂದಕ್ಕೂ ಹತ್ತನ್ನು ಕೂಡಿಸಿದರೆ ವಸ್ತು ಮತ್ತು ಪ್ರತಿಬಿಂಬಗಳ ದೂರಗಳು ಸಿದ್ಧ: 12 ಮತ್ತು 60, 14 ಮತ್ತು 35, 15 ಮತ್ತು 30, 20 ಮತ್ತು 20. ವಸ್ತುವಿನ ಸ್ಥಾನವನ್ನೂ ಪ್ರತಿಬಿಂಬದ ಸ್ಥಾನವನ್ನೂ ಅದಲುಬದಲು ಮಾಡಬಹುದೆಂಬುದೂ ಇಲ್ಲಿ ನೋಡಿದೊಡನೆ ತಿಳಿಯುತ್ತದೆ.

ವಸ್ತುವನ್ನು ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಎಡಗಡೆಯ ಮೊದಲನೆಯ ಅಪವರ್ತನವು ಸೊನ್ನೆಯಾಗುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 100 ಬಾರದು. ಆದುದರಿಂದ ಅಲ್ಲಿ ಪ ಎಂಬುದಕ್ಕೆ ಬೆಲೆಯೇ ಇಲ್ಲ. ಪ್ರಯೋಗಶಾಲೆಯಲ್ಲಿ ಹಾಗೆ ಇಟ್ಟು ನೋಡಿದವರು ತೆರೆಯನ್ನು ಎಷ್ಟು ದೂರ ಸರಿಸಿದರೂ ಪ್ರತಿಬಿಂಬವನ್ನು ಹಿಡಿಯಲಾರರು. ವಸ್ತುವಿನ ಒಂದೊಂದು ಬಿಂದುವಿನಿಂದ ಬಂದ ಕಿರಣಗಳು ಮಸೂರವನ್ನು ದಾಟಿ ಪರಸ್ಪರ ಸಮಾಂತರವಾಗಿ ಹೊರಟುಹೋಗಿರುತ್ತವೆ.